ರೋಗಾಣು ಪತ್ತೆ: ಯಂತ್ರ ಉಳಿಸಿದ ಸಮಯ ಎಲ್ಲಿ ಸೋರಿಹೋಗುತ್ತಿದೆ?

"ಬ್ಲಡ್ ಕಲ್ಚರ್ ಕಳಿಸಿದ್ದೀವಿ, ರಿಪೋರ್ಟ್ ಬರೋಕೆ ಮೂರು ದಿನ ಆಗುತ್ತೆ." ಮೈಸೂರು, ಮಂಡ್ಯದ ಆಸ್ಪತ್ರೆಗಳಲ್ಲಿ ಜ್ವರದ ರೋಗಿಯ ಜೊತೆ ಇದ್ದವರು ಈ ಮಾತನ್ನು ಕೇಳಿಯೇ ಇರುತ್ತಾರೆ. ಬ್ಲಡ್ ಕಲ್ಚರ್ ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಯಾವುದೆಂದು ಪತ್ತೆ ಮಾಡುವ ಪರೀಕ್ಷೆ. ಈ ಮಾತಿನ ಜೊತೆಗೆ ಈಗ ಇನ್ನೊಂದು ಮಾತೂ ಕಿವಿಗೆ ಬೀಳುತ್ತಿದೆ. ಬ್ಯಾಕ್ಟೀರಿಯಾ ಯಾವುದು ಅಂತ ಕೆಲವೇ ನಿಮಿಷದಲ್ಲಿ ಹೇಳುವ ಯಂತ್ರ ಬಂದಿದೆಯಂತೆ. ಎರಡೂ ಸುಳ್ಳಲ್ಲ. ಹಾಗಾದರೆ ನಿಮಿಷಗಳಲ್ಲಿ ಮುಗಿಯುವ ಕೆಲಸಕ್ಕೆ ಮೂರು ದಿನ ಏಕೆ ಬೇಕು?

ಯಂತ್ರ ಸಮಯ ಉಳಿಸುವುದು ನಿಜ. ಆದರೆ ಹಾಗೆ ಉಳಿದ ಸಮಯ ರೋಗಿಯ ಹಾಸಿಗೆಯವರೆಗೆ ತಲುಪುತ್ತಿಲ್ಲ. ಸ್ಯಾಂಪಲ್ ಲ್ಯಾಬ್‌ಗೆ ಹೋಗುವಾಗ ಒಂದಿಷ್ಟು, ರಿಪೋರ್ಟ್ ಡಾಕ್ಟರ ಕಣ್ಣಿಗೆ ಬೀಳುವಷ್ಟರಲ್ಲಿ ಇನ್ನೊಂದಿಷ್ಟು ಸೋರಿಹೋಗುತ್ತದೆ. ಕೋಟಿ ರೂಪಾಯಿಯ ಯಂತ್ರದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಈ ಸೋರಿಕೆಯ ಬಗ್ಗೆ ಮಾತಾಡುವವರು ಕಡಿಮೆ. ಮೈಸೂರು, ಮಂಡ್ಯದಂಥ ಜಿಲ್ಲೆಗಳ ರೋಗಿಗಳಿಗೆ ಮುಖ್ಯವಾಗಬೇಕಾದ್ದು ಈ ಎರಡನೆಯದು ಎಂಬುದು ನನ್ನ ಅಭಿಪ್ರಾಯ.

ಗಂಟೆಗಳ ಲೆಕ್ಕ ಏಕೆ ಇಷ್ಟು ಮುಖ್ಯ? ಸೋಂಕು ಮೈಯೆಲ್ಲ ಏರಿ ಬಿಪಿ ಬಿದ್ದುಹೋಗುವ ಸ್ಥಿತಿಗೆ ಸೆಪ್ಟಿಕ್ ಶಾಕ್ ಅನ್ನುತ್ತಾರೆ. ಕೆನಡಾ ಮತ್ತು ಅಮೆರಿಕದ ಐಸಿಯುಗಳ ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಬಿಪಿ ಬಿದ್ದ ಮೇಲಿನ ಮೊದಲ ಕೆಲವು ಗಂಟೆಗಳಲ್ಲಿ, ಸರಿಯಾದ ಆಂಟಿಬಯೋಟಿಕ್ ಒಂದೊಂದು ಗಂಟೆ ತಡವಾದಂತೆಲ್ಲ ಬದುಕುವ ಸಾಧ್ಯತೆ ಸರಾಸರಿ ಶೇ 7.6ರಷ್ಟು ಕಡಿಮೆಯಾಗುತ್ತದೆ ಎಂದು ಅದು ಹೇಳಿತು. ಆಮೇಲಿನ ಅಧ್ಯಯನಗಳಲ್ಲಿ ಈ ಅಂಕಿ ಇಷ್ಟು ದೊಡ್ಡದಾಗಿ ಬಂದಿಲ್ಲ. ಆದರೆ ತಡವಾದಷ್ಟೂ ಸಾವು ಜಾಸ್ತಿ ಎಂಬುದು ಅವುಗಳಲ್ಲೂ ಕಂಡಿದೆ.

ಹಾಗಾಗಿ ಯಾವ ಡಾಕ್ಟರೂ ಕಲ್ಚರ್ ರಿಪೋರ್ಟ್‌ಗೆ ಕಾಯುತ್ತಾ ಕೂರುವುದಿಲ್ಲ. ಕೂರಲೂಬಾರದು. ರೋಗಿಯ ವಯಸ್ಸು, ಶುಗರ್, ಸೋಂಕು ಎಲ್ಲಿಂದ ಶುರುವಾದಂತಿದೆ ಎಂಬುದನ್ನೆಲ್ಲ ನೋಡಿ ಅಂದಾಜಿನ ಮೇಲೆ ಔಷಧಿ ಶುರು ಮಾಡುತ್ತಾರೆ. ಪ್ರಾಣದ ಪ್ರಶ್ನೆ ಆದ್ದರಿಂದ ಹಲವು ಬಗೆಯ ಬ್ಯಾಕ್ಟೀರಿಯಾಗಳಿಗೆ ಒಟ್ಟಿಗೆ ನಾಟುವ ದೊಡ್ಡ ಔಷಧಿಯನ್ನೇ ಹಾಕುತ್ತಾರೆ. ಮೆರೊಪೆನೆಮ್, ಜೊತೆಗೆ ಕೆಲವೊಮ್ಮೆ ವ್ಯಾಂಕೊಮೈಸಿನ್. ಕಲ್ಚರ್ ರಿಪೋರ್ಟ್‌ನ ಕೆಲಸ ಈ ಅಂದಾಜನ್ನು ತಿದ್ದುವುದು. ಅಂದಾಜು ತಪ್ಪಿದ್ದರೆ ನಾಟುವ ಔಷಧಿಗೆ ಬದಲಾಯಿಸಬೇಕು. ಅಂದಾಜು ಅಗತ್ಯಕ್ಕಿಂತ ದೊಡ್ಡದಾಗಿದ್ದರೆ ಸಣ್ಣ ಔಷಧಿಗೆ ಇಳಿಸಬೇಕು. ಎರಡನೆಯದನ್ನು ನಮ್ಮಲ್ಲಿ ಸುಮ್ನೆ ಮರೆತುಬಿಡುತ್ತಾರೆ. ರೋಗಿ ಚೇತರಿಸಿಕೊಳ್ಳುತ್ತಿದ್ದಾನಲ್ಲ, ಈಗೇಕೆ ಬದಲಾಯಿಸುವುದು ಅಂತ. ಹೀಗೆ ಬೇಕಿಲ್ಲದ ಕಡೆಯೂ ದೊಡ್ಡ ಔಷಧಿ ಓಡುತ್ತಲೇ ಇದ್ದರೆ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. 2019ರ ಒಂದೇ ವರ್ಷದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ ಪ್ರಪಂಚದಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಎಂಬುದು ಈಗ ಹೆಚ್ಚಾಗಿ ಉಲ್ಲೇಖವಾಗುವ ಅಂದಾಜು.

ಹಳೆಯ ದಾರಿ

ಮೂರು ದಿನ ಎಂಬ ಲೆಕ್ಕ ಎಲ್ಲಿಂದ ಬಂತು ಅಂತ ತಿಳಿಯಲು ಹಳೆಯ ವಿಧಾನವನ್ನು ಒಮ್ಮೆ ನೋಡಬೇಕು. ರಕ್ತದಲ್ಲಿ ಬ್ಯಾಕ್ಟೀರಿಯಾ ತೀರಾ ಕಡಿಮೆ ಇರುತ್ತವೆ. ಎಷ್ಟೋ ಸಲ ಒಂದು ಮಿಲಿಲೀಟರ್‌ಗೆ ಒಂದೋ ಎರಡೋ. ನೇರವಾಗಿ ಹುಡುಕಿದರೆ ಸಿಗುವುದಿಲ್ಲ, ಮೊದಲು ಬೆಳೆಸಬೇಕು. ಬಾಟಲ್‌ನಲ್ಲಿ ಬೆಳೆಯಲು ಒಂದು ದಿನ. ಬೆಳೆದದ್ದನ್ನು ಪ್ಲೇಟ್ ಮೇಲೆ ಎಳೆದು, 35-37 ಡಿಗ್ರಿಯಲ್ಲಿಟ್ಟು, ಮಾರನೇ ದಿನ ಕಾಲೊನಿ, ಅಂದರೆ ಕಣ್ಣಿಗೆ ಕಾಣುವಂತೆ ಬೆಳೆದ ಬ್ಯಾಕ್ಟೀರಿಯಾದ ಗುಂಪು, ನೋಡಬೇಕು. ಆ ಕಾಲೊನಿಯನ್ನು ಸಾಲಾಗಿ ಟ್ಯೂಬ್‌ಗಳಿಗೆ ಹಾಕಿ ಸಕ್ಕರೆ ಹುದುಗಿಸುತ್ತದೆಯೇ, ಯೂರಿಯಾ ಒಡೆಯುತ್ತದೆಯೇ, ಸಿಟ್ರೇಟ್ ತಿನ್ನುತ್ತದೆಯೇ ಅಂತ ಪರೀಕ್ಷಿಸಲು ಮತ್ತೊಂದು ದಿನ. ಯಾವ ಔಷಧಿ ನಾಟುತ್ತದೆ ಅಂತ ತಿಳಿಯಲು ಪ್ಲೇಟ್ ಮೇಲೆ ಔಷಧಿಯ ಪುಟ್ಟ ಬಿಲ್ಲೆಗಳನ್ನಿಟ್ಟು ಅವುಗಳ ಸುತ್ತ ಎಷ್ಟು ಅಗಲ ಖಾಲಿ ಜಾಗ ಉಳಿಯಿತು ಅಂತ ಅಳೆಯಬೇಕು. ಅದಕ್ಕೆ 16ರಿಂದ 18 ಗಂಟೆ.

ಈ ಹಾದಿಯಲ್ಲಿ ಒಂದು ಕೆಲಸ ಮಾತ್ರ ಆಗಲೂ ಬೇಗ ಆಗುತ್ತಿತ್ತು, ಈಗಲೂ ಬೇಗ ಆಗುತ್ತದೆ: ಗ್ರಾಂ ಸ್ಟೇನ್. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ವಿಧಾನ. ಗಾಜಿನ ಸ್ಲೈಡ್ ಮೇಲೆ ನೇರಳೆ ಬಣ್ಣ, ಅಯೋಡಿನ್, ಆಮೇಲೆ ಆಲ್ಕೋಹಾಲ್, ಕೊನೆಗೆ ಕೆಂಪು ಬಣ್ಣ. ನೇರಳೆ ಉಳಿಸಿಕೊಂಡದ್ದು ಗ್ರಾಂ ಪಾಸಿಟಿವ್, ಗುಲಾಬಿಗೆ ತಿರುಗಿದ್ದು ಗ್ರಾಂ ನೆಗೆಟಿವ್. ಹತ್ತು ನಿಮಿಷ ಸಾಕು, ಖರ್ಚು ಕೆಲವೇ ರೂಪಾಯಿ. ಬಾಟಲ್‌ನಲ್ಲಿ ಬೆಳೆದದ್ದು ಗುಲಾಬಿ ಕಡ್ಡಿಗಳೋ ನೇರಳೆ ಗೊಂಚಲೋ ಅಂತ ಆ ಕ್ಷಣಕ್ಕೇ ಡಾಕ್ಟರಿಗೆ ಫೋನ್ ಮಾಡಿ ಹೇಳಿದರೆ ಅರ್ಧ ಚಿಕಿತ್ಸೆ ಅಲ್ಲೇ ತೀರ್ಮಾನವಾಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಂತ್ರಗಳು ಏನು ಮಾಡುತ್ತವೆ?

ಮೊದಲನೆಯದು ಬ್ಲಡ್ ಕಲ್ಚರ್ ಯಂತ್ರ. ಬ್ಯಾಕ್ಟ್‌ಅಲರ್ಟ್, ಬ್ಯಾಕ್ಟೆಕ್ ಎಂಬ ಹೆಸರುಗಳನ್ನು ಬಿಲ್‌ನಲ್ಲಿ ನೋಡಿರಬಹುದು. ಬಾಟಲ್‌ನ ತಳದಲ್ಲಿ ಒಂದು ಸೆನ್ಸರ್ ಇರುತ್ತದೆ. ಬ್ಯಾಕ್ಟೀರಿಯಾ ಬೆಳೆದಂತೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆಗ ಬ್ಯಾಕ್ಟ್‌ಅಲರ್ಟ್ ಬಾಟಲ್‌ನ ತಳ ನೀಲಿ-ಹಸಿರಿನಿಂದ ಹಳದಿಗೆ ತಿರುಗುತ್ತದೆ. ಯಂತ್ರ 10 ನಿಮಿಷಕ್ಕೊಮ್ಮೆ ಪ್ರತಿ ಬಾಟಲನ್ನೂ ನೋಡುತ್ತಿರುತ್ತದೆ. ಬದಲಾವಣೆ ಕಂಡ ಕೂಡಲೇ ಕೂಗುತ್ತದೆ. ಲ್ಯಾಬ್‌ನವರು ಇದಕ್ಕೆ 'ಬಾಟಲ್ ಫ್ಲ್ಯಾಗ್ ಆಯ್ತು' ಅನ್ನುತ್ತಾರೆ. ಸಾಮಾನ್ಯ ರೋಗಾಣುಗಳಾದರೆ 12ರಿಂದ 24 ಗಂಟೆಯೊಳಗೆ ಫ್ಲ್ಯಾಗ್ ಆಗುತ್ತದೆ. ಏನೂ ಆಗದಿದ್ದರೆ 5 ದಿನ ಕಾದು 'ನೋ ಗ್ರೋತ್' ಅಂತ ರಿಪೋರ್ಟ್ ಕೊಡುತ್ತಾರೆ.

ಎರಡನೆಯದು ವೈಟೆಕ್‌ನಂಥ ಯಂತ್ರ. ಇದರ ಮೂಲ ಇರುವುದು ಬಾಹ್ಯಾಕಾಶ ಯೋಜನೆಯಲ್ಲಿ. ಅಮೆರಿಕದ ವಿಮಾನ ತಯಾರಿಕಾ ಕಂಪನಿ ಮೆಕ್‌ಡೊನೆಲ್ ಡಗ್ಲಸ್, ನಾಸಾಗಾಗಿ ಮಾಡಿದ ಸೂಕ್ಷ್ಮಾಣು ಪತ್ತೆಯ ಕೆಲಸವನ್ನೇ 1970ರ ದಶಕದಲ್ಲಿ ಆಸ್ಪತ್ರೆಯ ಲ್ಯಾಬ್‌ಗೆ ಹೊಂದಿಸಿತು. ಈಗಿನ ವೈಟೆಕ್-2 ಕಾರ್ಡ್ ಅಂಗೈಗಿಂತ ಚಿಕ್ಕದು. ಅದರಲ್ಲಿ 64 ಪುಟ್ಟ ಗುಳಿಗಳು, ಒಂದೊಂದರಲ್ಲೂ ಒಣಗಿಸಿಟ್ಟ ಬೇರೆ ಬೇರೆ ರಾಸಾಯನಿಕ. ಕಾಲೊನಿಯನ್ನು ಉಪ್ಪುನೀರಿನಲ್ಲಿ ಕದಡಿ, ಎಷ್ಟು ಮಬ್ಬಾಗಿದೆ ಅಂತ ಮೀಟರ್‌ನಲ್ಲಿ ಅಳೆದು, ಕಾರ್ಡ್‌ನ ಸಣ್ಣ ನಳಿಗೆಯನ್ನು ಅದಕ್ಕೆ ಅದ್ದಿ ಯಂತ್ರದೊಳಗೆ ಇಟ್ಟರೆ ಆಯಿತು. ಯಂತ್ರವೇ ದ್ರವವನ್ನು ಎಳೆದು ಎಲ್ಲ ಗುಳಿಗಳಿಗೂ ತುಂಬುತ್ತದೆ, ನಳಿಗೆ ಕತ್ತರಿಸಿ ಸೀಲ್ ಮಾಡುತ್ತದೆ, 15 ನಿಮಿಷಕ್ಕೊಮ್ಮೆ ಬೆಳಕು ಹಾಯಿಸಿ ಓದುತ್ತದೆ. ಹಿಂದೆ ಟ್ಯೂಬ್‌ಗಳ ಸಾಲು ಮಾಡುತ್ತಿದ್ದ ಕೆಲಸವೇ ಇದು. ಹೆಸರು ಸಾಮಾನ್ಯವಾಗಿ 10 ಗಂಟೆಯೊಳಗೆ ಸಿಗುತ್ತದೆ. ಇನ್ನೊಂದು ಕಾರ್ಡ್‌ನಲ್ಲಿ ಯಾವ ಔಷಧಿ ಎಷ್ಟು ಪ್ರಮಾಣದಲ್ಲಿ ನಾಟುತ್ತದೆ ಎಂಬುದೂ ಬರುತ್ತದೆ.

ಮೂರನೆಯದೇ ಆ 'ಕೆಲವೇ ನಿಮಿಷ'ದ ಯಂತ್ರ: ಮಾಲ್ಡಿ-ಟಾಫ್. ಒಂದು ಸ್ಟೀಲ್ ಪ್ಲೇಟ್, ಅದರ ತುಂಬ ಗುರುತು ಹಾಕಿದ ಪುಟ್ಟ ವೃತ್ತಗಳು. ಟೆಕ್ನೀಷಿಯನ್ ಟೂತ್‌ಪಿಕ್ ತುದಿಯಿಂದ ಕಾಲೊನಿಯನ್ನು ಒಂದು ಚೂರು ಮುಟ್ಟಿ ವೃತ್ತದಲ್ಲಿ ತೆಳ್ಳಗೆ ಸವರುತ್ತಾರೆ. ತೆಳ್ಳಗೆ ಅಂದರೆ ನಿಜಕ್ಕೂ ತೆಳ್ಳಗೆ. ದಪ್ಪ ಬಳಿದರೆ ಯಂತ್ರ 'ಗೊತ್ತಾಗಲಿಲ್ಲ' ಅನ್ನುತ್ತದೆ. ಅದರ ಮೇಲೆ 1 ಮೈಕ್ರೋಲೀಟರ್ ಮ್ಯಾಟ್ರಿಕ್ಸ್, ಅಂದರೆ ಲೇಸರ್ ಶಕ್ತಿ ಹೀರಿಕೊಳ್ಳುವ ದ್ರಾವಣ. ಒಣಗಿದ ಮೇಲೆ ಯಂತ್ರದೊಳಗೆ ಲೇಸರ್ ಬೀಳುತ್ತದೆ. ಬ್ಯಾಕ್ಟೀರಿಯಾದ ಪ್ರೊಟೀನ್‌ಗಳು ಚಾರ್ಜ್ ಪಡೆದು ಎದ್ದು, ಗಾಳಿ ತೆಗೆದ ಕೊಳವೆಯಲ್ಲಿ ಹಾರುತ್ತವೆ. ಹಗುರವಾದವು ಮೊದಲು ಮುಟ್ಟುತ್ತವೆ, ಭಾರದವು ಆಮೇಲೆ. ಯಾವುದು ಎಷ್ಟು ಹೊತ್ತಿಗೆ ಮುಟ್ಟಿತು ಎಂಬುದರಿಂದ ಏರಿಳಿತದ ಒಂದು ಗೆರೆಚಿತ್ರ ಬರುತ್ತದೆ. ಪ್ರತಿ ಜಾತಿಯ ಬ್ಯಾಕ್ಟೀರಿಯಾಕ್ಕೂ ಈ ಗೆರೆ ಬೇರೆ, ಬೆರಳಚ್ಚಿನ ಹಾಗೆ. ಯಂತ್ರ ತನ್ನಲ್ಲಿರುವ ಸಾವಿರಾರು ಗೆರೆಗಳ ಜೊತೆ ಹೋಲಿಸಿ ಹೆಸರು ಹೇಳುತ್ತದೆ. ದೊಡ್ಡ ಪ್ರೊಟೀನ್‌ಗಳನ್ನು ಚೂರಾಗದಂತೆ ಲೇಸರ್‌ನಿಂದ ಎಬ್ಬಿಸುವ ದಾರಿ ತೋರಿಸಿದ್ದಕ್ಕೆ ಜಪಾನಿನ ಕೊಯಿಚಿ ತನಾಕಾ 2002ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಪಡೆದರು.

ಯಂತ್ರದ ಬೆಲೆ ಕೋಟಿ ದಾಟುತ್ತದೆ. ಆದರೆ ಒಂದೊಂದು ಸ್ಯಾಂಪಲ್‌ಗೆ ತಗಲುವ ಸಾಮಗ್ರಿ ಖರ್ಚು ತುಂಬಾ ಕಡಿಮೆ. ದಿನಕ್ಕೆ ನೂರಾರು ಸ್ಯಾಂಪಲ್ ಬರುವ ಲ್ಯಾಬ್‌ಗೆ ಲಾಭ, ಹತ್ತಿಪ್ಪತ್ತು ಬರುವ ಲ್ಯಾಬ್‌ಗೆ ಹೊರೆ. ನೇರವಾಗಿ ಬಾಟಲ್‌ನಿಂದಲೇ ಜೀನ್ ಹುಡುಕಿ ಒಂದು ಗಂಟೆಯಲ್ಲಿ ಉತ್ತರ ಕೊಡುವ ಪಿಸಿಆರ್ ಪ್ಯಾನೆಲ್‌ಗಳೂ ಇವೆ. ಅವು ಒಂದು ಪರೀಕ್ಷೆಗೇ ಸಾವಿರಾರು ರೂಪಾಯಿ ಬೇಡುತ್ತವೆ. ಎಲ್ಲರಿಗೂ ಆಗುವ ಮಾತಲ್ಲ.

ಇಲ್ಲಿ ಒಂದನ್ನು ಗಮನಿಸಬೇಕು. ಮಾಲ್ಡಿ-ಟಾಫ್ ಹೇಳುವುದು ಹೆಸರು ಮಾತ್ರ. ಕ್ಲೆಬ್ಸಿಯೆಲ್ಲಾ ಎಂದು ಗೊತ್ತಾದರೆ ಸಾಲದು. ಅದು ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗುತ್ತದೆಯೋ, ಮೆರೊಪೆನೆಮ್‌ಗೂ ಬಗ್ಗದ್ದೋ ಎಂಬುದೇ ಡಾಕ್ಟರಿಗೆ ಬೇಕಾದ ಉತ್ತರ. ಅದಕ್ಕೆ ಮತ್ತೆ ಬೆಳೆಸಲೇಬೇಕು. ನಿಮಿಷದ ಯಂತ್ರದ ಮುಂದೆಯೂ ದಿನಗಳಿವೆ, ಹಿಂದೆಯೂ ದಿನಗಳಿವೆ.

ಒಂದು ಬಾಟಲ್‌ನ ಪ್ರಯಾಣ

ಒಂದು ಲೆಕ್ಕ ಹಾಕೋಣ. ಇದು ಕಲ್ಪನೆಯ ಲೆಕ್ಕ. ಆದರೆ ಈ ಭಾಗದ ಲ್ಯಾಬ್ ಕೆಲಸ ಗೊತ್ತಿದ್ದವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣಲಾರದು. ನಾಗಮಂಗಲ ಕಡೆಯ ಒಬ್ಬ ರೈತ, ಶುಗರ್ ಇದೆ, ಚಳಿಜ್ವರ. ತಾಲ್ಲೂಕಿನ ನರ್ಸಿಂಗ್ ಹೋಂನಲ್ಲಿ ಶುಕ್ರವಾರ ಸಂಜೆ 6ಕ್ಕೆ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆದರು. ಸ್ಯಾಂಪಲ್ ಒಯ್ಯುವ ಹುಡುಗ ಆಗಲೇ ಹೋಗಿಯಾಗಿತ್ತು. ಬಾಟಲ್ ಶನಿವಾರ ಬೆಳಿಗ್ಗೆ ಹೊರಟು, ದಾರಿಯಲ್ಲಿ ಇನ್ನೂ ನಾಲ್ಕು ಕಡೆ ನಿಂತು, ಮಧ್ಯಾಹ್ನ 2ಕ್ಕೆ ಮೈಸೂರಿನ ಲ್ಯಾಬ್‌ನ ಯಂತ್ರದೊಳಗೆ ಹೋಯಿತು. ಭಾನುವಾರ ಬೆಳಗಿನ ಜಾವ 2ಕ್ಕೆ ಫ್ಲ್ಯಾಗ್ ಆಯಿತು. ರಾತ್ರಿ ಪಾಳಿಯಲ್ಲಿ ಮೈಕ್ರೋಬಯಾಲಜಿಗೆ ಯಾರೂ ಇಲ್ಲ. 10 ಗಂಟೆಗೆ ಬಂದವರು ಪ್ಲೇಟ್ ಹಾಕಿದರು. ಸೋಮವಾರ ಬೆಳಿಗ್ಗೆ ಕಾಲೊನಿ ಬಂತು. ಮಾಲ್ಡಿ-ಟಾಫ್ ಹತ್ತು ನಿಮಿಷದಲ್ಲಿ 'ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ' ಅಂದಿತು. 11ಕ್ಕೆ ಯಾವ ಔಷಧಿ ನಾಟುತ್ತದೆ ಅಂತ ನೋಡುವ ಸೆನ್ಸಿಟಿವಿಟಿ ಕಾರ್ಡ್ ಹಾಕಿದರು, ರಾತ್ರಿ 9ಕ್ಕೆ ಯಂತ್ರದಲ್ಲಿ ಉತ್ತರ ಸಿದ್ಧ. ಅದನ್ನು ಪರಿಶೀಲಿಸಿ ಸಹಿ ಹಾಕಬೇಕಾದ ಡಾಕ್ಟರ್ ಬಂದದ್ದು ಮಂಗಳವಾರ ಬೆಳಿಗ್ಗೆ. ರಿಪೋರ್ಟ್ ವಾಟ್ಸಾಪ್‌ಗೆ ಹೋಯಿತು. ಚಿಕಿತ್ಸೆ ಕೊಡುವ ಡಾಕ್ಟರ್ ಅದನ್ನು ನೋಡಿದ್ದು ಸಂಜೆ 6ರ ರೌಂಡ್ಸ್‌ನಲ್ಲಿ.

ಒಟ್ಟು 96 ಗಂಟೆ. ಇದರಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಕ್ಕೆ, ಯಂತ್ರ ಓದುವುದಕ್ಕೆ ಹೋದದ್ದು 47 ಗಂಟೆ. ಉಳಿದ 49 ಗಂಟೆ ಬಾಟಲ್ ಕೌಂಟರ್ ಮೇಲೆ ಕೂತಿತ್ತು, ಬೈಕಿನ ಪೆಟ್ಟಿಗೆಯಲ್ಲಿತ್ತು, ಅಥವಾ ಸಿದ್ಧವಾದ ಉತ್ತರ ಯಾರೂ ನೋಡದೆ ಸ್ಕ್ರೀನ್ ಮೇಲಿತ್ತು. ಹಳೆಯ ಟ್ಯೂಬ್ ಪರೀಕ್ಷೆಗಳಿಗೆ ಹೋಲಿಸಿದರೆ ಮಾಲ್ಡಿ-ಟಾಫ್ ಇಲ್ಲಿ ಉಳಿಸಿದ್ದು ಹೆಚ್ಚೆಂದರೆ ಒಂದು ದಿನ. ಯಂತ್ರದಾಚೆ ಕಳೆದುಹೋದದ್ದು ಎರಡು ದಿನ. ಈ ಎರಡು ದಿನಗಳೂ ಹಾಸಿಗೆ ಪಕ್ಕದಲ್ಲಿ ಹೀಗೆ ಕೇಳಿಸುತ್ತವೆ: "ಸಿಸ್ಟರ್, ರಿಪೋರ್ಟ್ ಯಾವಾಗ ಬತ್ತದೆ?" "ಲ್ಯಾಬ್‌ನೋರು ಇನ್ನೂ ಕಳ್ಸಿಲ್ಲ ಅಣ್ಣ."

ಬಾಟಲ್ ಕಾದು ಕೂರುವುದರಿಂದ ಸಮಯ ಮಾತ್ರ ಹಾಳಾಗುವುದಿಲ್ಲ. ತೆಗೆದ ರಕ್ತವನ್ನು ಆದಷ್ಟು ಬೇಗ, ಎರಡು ನಾಲ್ಕು ಗಂಟೆಯೊಳಗೆ, ಯಂತ್ರಕ್ಕೆ ಇಡಬೇಕು. ತುಂಬಾ ಹೊತ್ತು ಹೊರಗಿದ್ದರೆ ಬ್ಯಾಕ್ಟೀರಿಯಾ ಬಾಟಲ್‌ನಲ್ಲಿ ಬೆಳೆದು ಮುಗಿದಿರುತ್ತದೆ. ಆಮೇಲೆ ಯಂತ್ರಕ್ಕೆ ಇಟ್ಟರೆ ಏರಿಕೆ ಕಾಣುವುದೇ ಇಲ್ಲ, ಇದ್ದ ಸೋಂಕು 'ಇಲ್ಲ' ಅಂತ ಆಗುವ ಅಪಾಯವಿದೆ. ಇನ್ನು ಕೆಲವರು ಜಾಗ್ರತೆ ಅಂದುಕೊಂಡು ಬಾಟಲನ್ನು ಫ್ರಿಜ್‌ನಲ್ಲಿ ಇಡುತ್ತಾರೆ. ಇದು ತಪ್ಪು. ಬ್ಲಡ್ ಕಲ್ಚರ್ ಬಾಟಲ್ ಫ್ರಿಜ್‌ಗೆ ಹೋಗಲೇಬಾರದು. ಮೂತ್ರದ ಸ್ಯಾಂಪಲ್ ಇದಕ್ಕೆ ಉಲ್ಟಾ. ಅದು ಎರಡು ಗಂಟೆಯೊಳಗೆ ಲ್ಯಾಬ್ ಸೇರದಿದ್ದರೆ ಫ್ರಿಜ್‌ನಲ್ಲೇ ಇರಬೇಕು. ಮೂತ್ರದ ಸೋಂಕಿಗೆ ಸಾಮಾನ್ಯ ಕಾರಣವಾದ ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಅನುಕೂಲ ಸಿಕ್ಕರೆ 20 ನಿಮಿಷಕ್ಕೆ ದುಪ್ಪಟ್ಟಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಮಳವಳ್ಳಿಯಿಂದ ಮೈಸೂರಿಗೆ ಬಂದ ಮೂತ್ರದ ಡಬ್ಬಿಯಲ್ಲಿ ಯಂತ್ರ ಎಣಿಸುವುದು ರೋಗಿಯ ಮೂತ್ರಕೋಶದ ಸೋಂಕನ್ನೋ, ದಾರಿಯಲ್ಲಿ ಬೆಳೆದದ್ದನ್ನೋ? ಯಾವ ಸಾಫ್ಟ್‌ವೇರ್ ಕೂಡ ಇದನ್ನು ಬಿಡಿಸಿ ಹೇಳಲಾರದು.

ಇನ್ನೂ ಮೊದಲಿನ ಹಂತವೊಂದಿದೆ. ಎಲ್ಲಕ್ಕಿಂತ ದೊಡ್ಡ ನಷ್ಟ ಆಗುವುದು ಅಲ್ಲೇ ಎಂದು ನನಗೆ ಅನ್ನಿಸುತ್ತದೆ. ಜ್ವರ ಬಂದ ಎರಡನೇ ದಿನಕ್ಕೆ ಊರಿನ ಕ್ಲಿನಿಕ್‌ನಲ್ಲಿ ಒಂದು ಇಂಜೆಕ್ಷನ್ ಆಗಿರುತ್ತದೆ. ಮೆಡಿಕಲ್ ಶಾಪ್‌ನಿಂದ ತಂದ ಮಾತ್ರೆ ಮೂರು ಹೊತ್ತು ನುಂಗಿರುತ್ತಾರೆ. ದೊಡ್ಡ ಆಸ್ಪತ್ರೆಗೆ ಬರುವ ಹೊತ್ತಿಗೆ ರಕ್ತದಲ್ಲಿ ಔಷಧಿ ಇರುತ್ತದೆ. ಅದು ರೋಗವನ್ನು ವಾಸಿ ಮಾಡುವಷ್ಟಿರುವುದಿಲ್ಲ, ಬಾಟಲ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಸಾಕಾಗುತ್ತದೆ. ಈಗಿನ ಬಾಟಲ್‌ಗಳಲ್ಲಿ ಔಷಧಿ ಹೀರಿಕೊಳ್ಳುವ ರಾಳದ ಮಣಿಗಳನ್ನು ಹಾಕಿರುತ್ತಾರೆ. ಅವೂ ಎಲ್ಲವನ್ನೂ ಹೀರಲಾರವು. ಮೇಲಾಗಿ ದೊಡ್ಡವರಿಗೆ ಒಂದು ಬಾಟಲ್‌ಗೆ 8ರಿಂದ 10 ಮಿಲಿಲೀಟರ್ ರಕ್ತ ಬೇಕು, ಬೇರೆ ಬೇರೆ ಕಡೆಯಿಂದ ಎರಡು ಸಲ ತೆಗೆಯಬೇಕು. ನಮ್ಮಲ್ಲಿ ಖರ್ಚು ನೋಡಿ ಒಂದೇ ಬಾಟಲ್, ಅದರಲ್ಲೂ ಮೂರೋ ನಾಲ್ಕೋ ಮಿಲಿಲೀಟರ್. ಒಂದೇ ಬಾಟಲ್‌ನಲ್ಲಿ ಚರ್ಮದ ಮೇಲಿನ ಸಾಧಾರಣ ಸ್ಟೆಫೈಲೋಕಾಕಸ್ ಬೆಳೆದರೆ ಅದು ನಿಜವಾದ ಸೋಂಕೋ, ಸೂಜಿ ಚುಚ್ಚುವಾಗ ಚರ್ಮ ಸರಿಯಾಗಿ ಒರೆಸದೆ ಒಳಗೆ ಹೋದದ್ದೋ ಅಂತ ಹೇಳುವುದು ಕಷ್ಟ. ಯಂತ್ರ ಅದರ ಹೆಸರನ್ನು ನಿಖರವಾಗಿ ಹೇಳುತ್ತದೆ. ಬೇಡದ ವ್ಯಾಂಕೊಮೈಸಿನ್ ಅಲ್ಲಿಂದ ಶುರುವಾಗುತ್ತದೆ.

ಕಲ್ಚರ್ ಜಾಗದಲ್ಲಿ ರಕ್ತದಲ್ಲಿ ಪ್ರತಿಕಾಯ ಹುಡುಕುವ ವೈಡಲ್ ಪರೀಕ್ಷೆ ಮಾಡಿಸಿ ಟೈಫಾಯ್ಡ್ ಅಂತ ತೀರ್ಮಾನಿಸುವುದು ನಮ್ಮ ಕಡೆ ಇನ್ನೂ ನಡೆಯುತ್ತಿದೆ. 1896ರಷ್ಟು ಹಳೆಯ ಪರೀಕ್ಷೆ ಅದು. ಹಿಂದೆ ಯಾವಾಗಲೋ ಬಂದಿದ್ದ ಸೋಂಕಿಗೂ, ಬೇರೆ ಜ್ವರಕ್ಕೂ ಪಾಸಿಟಿವ್ ತೋರಿಸಬಲ್ಲದು. ಅರ್ಧ ಗಂಟೆಯಲ್ಲಿ ಬರುವ ಅನುಮಾನದ ಉತ್ತರಕ್ಕಾಗಿ, ಎರಡು ದಿನದಲ್ಲಿ ಬರಬಹುದಾದ ಖಚಿತ ಉತ್ತರವನ್ನು ಬಿಟ್ಟುಕೊಡುತ್ತಿದ್ದೇವೆ.

ಯಂತ್ರಕ್ಕೆ ಗೊತ್ತಿಲ್ಲದ ಹೆಸರು

ಯಂತ್ರ ತನ್ನ ಪಟ್ಟಿಯಲ್ಲಿರುವ ಹೆಸರನ್ನು ಮಾತ್ರ ಹೇಳಬಲ್ಲದು. ಇ. ಕೋಲೈ ಮತ್ತು ಶಿಗೆಲ್ಲಾ ಎಷ್ಟು ಹತ್ತಿರದ ಬಂಧುಗಳೆಂದರೆ ಮಾಲ್ಡಿ-ಟಾಫ್‌ಗೆ ಸಾಮಾನ್ಯವಾಗಿ ಅವುಗಳ ವ್ಯತ್ಯಾಸ ಗೊತ್ತಾಗುವುದಿಲ್ಲ. ಇದು ಚಿಕ್ಕ ತೊಂದರೆ. ದೊಡ್ಡ ತೊಂದರೆಯ ಹೆಸರು ಮೆಲಿಯಾಯ್ಡೋಸಿಸ್.

ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಇರುವ ಬರ್ಕ್‌ಹೋಲ್ಡೇರಿಯಾ ಸ್ಯೂಡೋಮ್ಯಾಲಿಯೈ ಎಂಬ ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ ಇದು. ಕಾಲಿನ ಸಣ್ಣ ಗಾಯದಿಂದಲೋ, ಉಸಿರಿನ ಜೊತೆಯೋ ಒಳಗೆ ಹೋಗುತ್ತದೆ. ಜಾಸ್ತಿ ಹಿಡಿಯುವುದು ಶುಗರ್ ಇದ್ದವರನ್ನು, ಅದರಲ್ಲೂ ಕೆಸರಿನಲ್ಲಿ ದುಡಿಯುವವರನ್ನು. ಶ್ವಾಸಕೋಶ, ಈಲಿ (ಲಿವರ್), ಗುಲ್ಮದಲ್ಲಿ (ಸ್ಪ್ಲೀನ್) ಕೀವು ಕಟ್ಟುತ್ತದೆ. ಎಕ್ಸ್‌ರೇ ನೋಡಿದರೆ ಟಿಬಿ ಅನ್ನಿಸಬಹುದು. ಎಷ್ಟೋ ಜನ ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿದ ಮೇಲೆ ನಿಜ ಕಾಯಿಲೆ ಗೊತ್ತಾದದ್ದಿದೆ. ನಮ್ಮ ರಾಜ್ಯದಲ್ಲಿ ಇದರ ಬಗ್ಗೆ ಹೆಚ್ಚು ವರದಿಯಾಗಿರುವುದು ಉಡುಪಿ, ದಕ್ಷಿಣ ಕನ್ನಡದಿಂದ. ಆದರೆ ಕೆ.ಆರ್.ಎಸ್. ನೀರು ಹರಿಯುವ ವಿಶ್ವೇಶ್ವರಯ್ಯ ನಾಲೆಯ ಉದ್ದಕ್ಕೂ ನೋಡಿ. ಭತ್ತದ ಗದ್ದೆ, ಬರಿಗಾಲು, ಮನೆಮನೆಯಲ್ಲೂ ಶುಗರ್. ಈ ಕಾಯಿಲೆಗೆ ಬೇಕಾದ್ದೆಲ್ಲ ಇಲ್ಲೂ ಇದೆ ಅಲ್ವಾ? ಹುಡುಕಿದ ಕಡೆ ಸಿಗುವ ಕಾಯಿಲೆ ಇದು, ಹುಡುಕದ ಕಡೆ ಬೇರೆ ಹೆಸರಿನಲ್ಲಿ ಅಡಗಿರುತ್ತದೆ.

ವೈಟೆಕ್-2 ಇದನ್ನು ಇದರ ಬಂಧು ಬರ್ಕ್‌ಹೋಲ್ಡೇರಿಯಾ ಸೆಪೇಸಿಯಾ ಎಂದು ತಪ್ಪಾಗಿ ಹೇಳಿದ ಉದಾಹರಣೆಗಳು ದಾಖಲಾಗಿವೆ. ಮಾಲ್ಡಿ-ಟಾಫ್ ಇನ್ನೊಂದು ಬಂಧುವಾದ, ಸಾಮಾನ್ಯವಾಗಿ ರೋಗ ತಾರದ ಥಾಯ್ಲೆಂಡೆನ್ಸಿಸ್ ಎಂದು ಹೇಳಿದ್ದೂ ಇದೆ. ಕಾರಣ ಸರಳ. ಇದು ಜೈವಿಕ ಅಸ್ತ್ರವಾಗಿ ದುರ್ಬಳಕೆಯಾಗಬಹುದಾದ ರೋಗಾಣುಗಳ ಪಟ್ಟಿಯಲ್ಲಿದೆ. ಹಾಗಾಗಿ ಒಂದು ಪ್ರಮುಖ ಕಂಪನಿಯ ಮಾಲ್ಡಿ-ಟಾಫ್‌ನ ಸಾಮಾನ್ಯ ಲೈಬ್ರರಿಯಲ್ಲಿ ಇದರ ಗೆರೆಚಿತ್ರವನ್ನೇ ಸೇರಿಸಿರಲಿಲ್ಲ, ಪ್ರತ್ಯೇಕ ಲೈಬ್ರರಿಯಲ್ಲಿ ಇಟ್ಟಿದ್ದರು. ಗೊತ್ತಿಲ್ಲದ್ದನ್ನು ಯಂತ್ರ ಹತ್ತಿರದ ಹೆಸರಿಗೆ ಅಂಟಿಸುತ್ತದೆ.

ಇದನ್ನು ಹಿಡಿಯುವುದು ಅನುಭವಿ ಕಣ್ಣು. ಗ್ರಾಂ ನೆಗೆಟಿವ್ ಕಡ್ಡಿ, ಎರಡೂ ತುದಿಯಲ್ಲಿ ಬಣ್ಣ ಗಾಢವಾಗಿ ನಡುವೆ ತಿಳಿಯಾಗಿ ಸೇಫ್ಟಿ ಪಿನ್ನಿನಂತೆ ಕಾಣುತ್ತದೆ. ಆಕ್ಸಿಡೇಸ್ ಎಂಬ ಸರಳ ಪರೀಕ್ಷೆಯಲ್ಲಿ ಪಾಸಿಟಿವ್. ಜೆಂಟಾಮೈಸಿನ್‌ಗೆ ಬಗ್ಗುವುದಿಲ್ಲ, ಕೊಲಿಸ್ಟಿನ್‌ಗೆ ಬಗ್ಗುವುದಿಲ್ಲ, ಆದರೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಬಗ್ಗುತ್ತದೆ. ಕೆಲವು ದಿನ ಬಿಟ್ಟರೆ ಪ್ಲೇಟ್ ಮೇಲೆ ಕಾಲೊನಿ ಒಣಗಿ ಸುಕ್ಕುಗಟ್ಟುತ್ತದೆ. ಮೂರು ಬಿಲ್ಲೆಯ ಈ ಪರೀಕ್ಷೆಗೆ ಖರ್ಚು ತೀರಾ ಕಡಿಮೆ. ಹೆಸರು ಸರಿಯಾಗಿ ಗೊತ್ತಾದರೆ ಚಿಕಿತ್ಸೆಯೇ ಬೇರೆ. ಮೊದಲು ಹತ್ತು ಹದಿನಾಲ್ಕು ದಿನವಾದರೂ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಇಂಜೆಕ್ಷನ್, ಆಮೇಲೆ ಮೂರು ತಿಂಗಳ ಆಸುಪಾಸು ಕೋಟ್ರೈಮಾಕ್ಸಜೋಲ್ ಮಾತ್ರೆ. ತಪ್ಪು ಹೆಸರಿನಲ್ಲಿ ಒಂದು ವಾರ ಔಷಧಿ ಕೊಟ್ಟು ಮನೆಗೆ ಕಳಿಸಿದರೆ ಕಾಯಿಲೆ ಮರಳಿ ಬರುತ್ತದೆ.

ಕೊಲಿಸ್ಟಿನ್ ವಿಷಯದಲ್ಲೂ ಯಂತ್ರದ ಮಾತು ನಂಬುವಂತಿಲ್ಲ. ಕೊನೆಯ ಅಸ್ತ್ರವಾಗಿ ಬಳಸುವ ಈ ಔಷಧಿ ನಾಟುತ್ತದೆಯೋ ಇಲ್ಲವೋ ಎಂದು ತಿಳಿಯಲು ದ್ರವದಲ್ಲಿ ಹಂತಹಂತವಾಗಿ ತೆಳುಮಾಡಿ ನೋಡುವ ಹಳೆಯ ವಿಧಾನವನ್ನೇ ಬಳಸಿ ಎಂದು ಅಮೆರಿಕ ಮತ್ತು ಯುರೋಪಿನ ಮಾನದಂಡ ಸಂಸ್ಥೆಗಳು 2016ರಲ್ಲಿ ಜಂಟಿಯಾಗಿ ಹೇಳಿದವು. ಇನ್ನು ಇಲಿಜ್ವರದ ಲೆಪ್ಟೋಸ್ಪೈರಾ, ಪೊದೆಯ ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್‌ನ ರೋಗಾಣು ಈ ಬಾಟಲ್‌ಗಳಲ್ಲಿ ಬೆಳೆದು ಪತ್ತೆಯಾಗುವುದೇ ಇಲ್ಲ. ಕಬ್ಬಿನ ಗದ್ದೆಯಿಂದ, ಪೊದೆಯ ಅಂಚಿನಿಂದ ಜ್ವರ ತಂದುಕೊಂಡವರಿಗೆ 'ನೋ ಗ್ರೋತ್' ಎಂಬ ರಿಪೋರ್ಟ್ ಸಮಾಧಾನ ತರಬಾರದು. ಕಂಕುಳಲ್ಲೋ ತೊಡೆಸಂದಿನಲ್ಲೋ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಇದೆಯೇ ಅಂತ ಡಾಕ್ಟರ್ ಹುಡುಕಿದರೆ ಸ್ಕ್ರಬ್ ಟೈಫಸ್‌ನ ಸುಳಿವು ಆ ಕ್ಷಣಕ್ಕೇ ಸಿಗುತ್ತದೆ.

ಟಿಬಿಯಲ್ಲಿ ಆಗಿದ್ದು ಇಲ್ಲಿ ಏಕಿಲ್ಲ?

ವೇಗದ ಪರೀಕ್ಷೆ ನಮ್ಮ ತಾಲ್ಲೂಕು ಮಟ್ಟದಲ್ಲಿ ನಿಜವಾಗಿ ಗೆದ್ದಿರುವ ಉದಾಹರಣೆ ಒಂದಿದೆ. ಅದು ಟಿಬಿ. ಟಿಬಿ ರೋಗಾಣು ಘನ ಮಾಧ್ಯಮದಲ್ಲಿ ಬೆಳೆಯಲು ಆರರಿಂದ ಎಂಟು ವಾರ ಬೇಕು. ಜೀನ್ ಹುಡುಕುವ ಜೀನ್‌ಎಕ್ಸ್‌ಪರ್ಟ್ ಯಂತ್ರ ಪತ್ತೆಯ ಸಮಯವನ್ನು ಎರಡು ಗಂಟೆಗೆ ಇಳಿಸಿತು, ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್ ನಾಟುತ್ತದೆಯೇ ಎಂಬುದನ್ನೂ ಜೊತೆಗೇ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅನುಮೋದಿಸಿದ್ದು 2010ರಲ್ಲಿ. ಗೋವಾದ ಮೋಲ್‌ಬಯೋ ಕಂಪನಿಯ ಅಂಥದೇ ಯಂತ್ರ ಟ್ರೂನ್ಯಾಟ್ 2020ರಲ್ಲಿ ಅನುಮೋದನೆ ಪಡೆಯಿತು. ಅದು ಬ್ಯಾಟರಿಯಲ್ಲೂ ನಡೆಯುತ್ತದೆ, ಎಸಿ ಕೋಣೆ ಬೇಡ. ಆದರೆ ಯಂತ್ರದಿಂದಷ್ಟೇ ಇದು ಆಗಲಿಲ್ಲ. ಕಫದ ಡಬ್ಬಿ ಹಳ್ಳಿಯಿಂದ ಬರಲು ವ್ಯವಸ್ಥೆ ಇದೆ. ಫಲಿತಾಂಶ ಸರ್ಕಾರದ ಟಿಬಿ ದಾಖಲೆಯ ನಿಕ್ಷಯ್ ಪೋರ್ಟಲ್‌ಗೆ ಹೋಗುತ್ತದೆ. ಔಷಧಿ ಉಚಿತ. ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಅಂತ ವಿಚಾರಿಸಲು ಮನೆಗೆ ಒಬ್ಬರು ಬರುತ್ತಾರೆ. ಮೈಸೂರಿನಲ್ಲಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಟಿಬಿ ಆಸ್ಪತ್ರೆ ಇರುವುದು ಎಲ್ಲರಿಗೂ ಗೊತ್ತು. ಇಡೀ ಸಮಾಜ ಆ ಕಾಯಿಲೆಯನ್ನು ಗಂಭೀರವಾಗಿ ತೆಗೆದುಕೊಂಡ ಇತಿಹಾಸ ಇಲ್ಲಿದೆ. ರಕ್ತದ ಸೋಂಕಿಗೆ ಇಂಥ ಒಂದು ಕೊಂಡಿಯೂ ಇಲ್ಲ.

ಕಟ್ಟಲು ಆಗದ್ದೇನಲ್ಲ. ಮಂಡ್ಯದಲ್ಲಿ ಮಿಮ್ಸ್ ಇದೆ, ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಇದೆ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಜೊತೆಗಿನ ಸರ್ಕಾರಿ ವೈದ್ಯಕೀಯ ಕಾಲೇಜು, ಜೆಎಸ್‌ಎಸ್ ಇವೆ. ವೈದ್ಯಕೀಯ ಕಾಲೇಜು ಅಂದ ಮೇಲೆ ಮೈಕ್ರೋಬಯಾಲಜಿ ವಿಭಾಗ ಇದ್ದೇ ಇರುತ್ತದೆ. ಮಂಡ್ಯದಿಂದ ಮೈಸೂರು ಸುಮಾರು 45 ಕಿಲೋಮೀಟರ್. ತಾಲ್ಲೂಕು ಆಸ್ಪತ್ರೆಗಳಿಂದ ದಿನಕ್ಕೆರಡು ಸಲ, ಅದರಲ್ಲಿ ಒಂದು ಸಲ ರಾತ್ರಿ, ಬಾಟಲ್ ಒಯ್ಯುವ ಗಾಡಿ ಇದ್ದರೆ ನಾನು ಹೇಳಿದ ಲೆಕ್ಕದ ಮೊದಲ 20 ಗಂಟೆ ಐದಾರು ಗಂಟೆಗೆ ಇಳಿಯುತ್ತದೆ. ರಾತ್ರಿ ಪಾಳಿಗೆ ಗ್ರಾಂ ಸ್ಟೇನ್ ಬಲ್ಲ ಒಬ್ಬ ಟೆಕ್ನೀಷಿಯನ್ ಇದ್ದರೆ ಬೆಳಗಿನ ಜಾವ 2ಕ್ಕೆ ಕೂಗಿದ ಬಾಟಲ್‌ನ ಸುದ್ದಿ 3ಕ್ಕೆ ಡ್ಯೂಟಿ ಡಾಕ್ಟರ ಫೋನಿಗೆ ಹೋಗುತ್ತದೆ.

ಸೆನ್ಸಿಟಿವಿಟಿಗೂ ಅಗ್ಗದ ವೇಗದ ದಾರಿ ಇದೆ. ಯುರೋಪಿನ ಮಾನದಂಡ ಸಂಸ್ಥೆ ರೂಪಿಸಿದ ವಿಧಾನ ಅದು. ಫ್ಲ್ಯಾಗ್ ಆದ ಬಾಟಲ್‌ನಿಂದ ನೇರವಾಗಿ ಪ್ಲೇಟ್ ಮೇಲೆ ಹರಡಿ, ಮಾಮೂಲಿ ಔಷಧಿ ಬಿಲ್ಲೆಗಳನ್ನೇ ಇಟ್ಟು, 4, 6 ಮತ್ತು 8 ಗಂಟೆಗೆ ಅಳೆಯುವುದು. ಹೊಸ ಯಂತ್ರ ಬೇಡ. ಆದರೆ ಅಳತೆಯನ್ನು ಅರ್ಥ ಮಾಡಲು ಬ್ಯಾಕ್ಟೀರಿಯಾದ ಹೆಸರು ಗೊತ್ತಿರಬೇಕು, ಮಾಲ್ಡಿ-ಟಾಫ್ ಪ್ರಯೋಜನಕ್ಕೆ ಬರುವುದು ಇಲ್ಲೇ. ಮತ್ತೆ, ಎಂಟನೇ ಗಂಟೆಗೆ ಅಳೆಯಲು ಯಾರಾದರೂ ಲ್ಯಾಬ್‌ನಲ್ಲಿ ಇರಲೇಬೇಕು. ಸುತ್ತಿ ಬಳಸಿ ಮಾತು ಜನರ ಬಳಿಗೇ ಬಂತು. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆಯೊಂದರಲ್ಲೂ ಇದೇ ಕಂಡಿತು. ರಕ್ತದ ಸೋಂಕಿಗೆ ವೇಗದ ಪರೀಕ್ಷೆ ತಂದ ಆಸ್ಪತ್ರೆಗಳಲ್ಲಿ, ಫಲಿತಾಂಶ ನೋಡಿ ಔಷಧಿ ಬದಲಾಯಿಸಲು ಸಲಹೆ ಕೊಡುವ ತಂಡ ಇದ್ದ ಕಡೆ ಸಾವು ಸ್ಪಷ್ಟವಾಗಿ ಕಡಿಮೆಯಾಗಿತ್ತು. ಅಂಥ ತಂಡ ಇಲ್ಲದ ಕಡೆ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ.

ಮನೆಯವರಿಗೆ ಆಗಬಹುದಾದ ಕೆಲಸವೂ ಇದೆ. ಅಡ್ಮಿಟ್ ಆದ ಕೂಡಲೇ, ಮೊದಲ ಇಂಜೆಕ್ಷನ್‌ಗೆ ಮುಂಚೆ ಕಲ್ಚರ್‌ಗೆ ರಕ್ತ ತೆಗೆದರಾ ಅಂತ ಕೇಳಿ. ಊರಲ್ಲಿ ಏನೇನು ಔಷಧಿ ತೆಗೆದುಕೊಂಡಿದ್ದಾರೆ ಅಂತ ಮುಚ್ಚಿಡದೆ ಹೇಳಿ, ಮಾತ್ರೆ ಕವರ್ ಇದ್ದರೆ ತೋರಿಸಿ. ಎರಡನೇ ದಿನ "ಗ್ರಾಂ ಸ್ಟೇನ್ ಏನಾದ್ರೂ ಬಂತಾ ಡಾಕ್ಟ್ರೇ?" ಅಂತ ವಿಚಾರಿಸಿ. ಕಲ್ಚರ್ ಖರ್ಚು ಐಸಿಯುನ ಒಂದು ದಿನದ ಬಿಲ್ ಮುಂದೆ ಸಣ್ಣದು.

ಇನ್ನೊಂದು ಬೇಡಿಕೆ ಆಸ್ಪತ್ರೆಗಳ ಮುಂದೆ, ಜಿಲ್ಲಾ ಆರೋಗ್ಯ ಅಧಿಕಾರಿಗಳ ಮುಂದೆ ಇಡಬೇಕಿದೆ. ಸೆನ್ಸಿಟಿವಿಟಿ ಯಂತ್ರ ಪ್ರತಿ ರಿಪೋರ್ಟನ್ನೂ ತನ್ನೊಳಗೆ ಉಳಿಸಿಕೊಂಡಿರುತ್ತದೆ. ಕಳೆದ ವರ್ಷ ಈ ಲ್ಯಾಬ್‌ಗೆ ಬಂದ ಇ. ಕೋಲೈಗಳಲ್ಲಿ ನೂರಕ್ಕೆ ಎಷ್ಟು ನೈಟ್ರೋಫ್ಯುರಾಂಟಾಯಿನ್‌ಗೆ ಬಗ್ಗಿದವು, ಎಷ್ಟು ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗಲಿಲ್ಲ ಎಂಬುದನ್ನು ಅದರಿಂದ ತೆಗೆದು ಒಂದು ಹಾಳೆ ಮಾಡಬಹುದು. ಇದನ್ನು ಆಂಟಿಬಯೋಗ್ರಾಂ ಅನ್ನುತ್ತಾರೆ. ಒಂದು ಜಾತಿಯ ಕನಿಷ್ಠ 30 ರೋಗಿಗಳ ಬ್ಯಾಕ್ಟೀರಿಯಾ ಇದ್ದರೆ ಲೆಕ್ಕ ಹಾಕಬಹುದು ಎಂಬುದು ನಿಯಮ. ಇ. ಕೋಲೈ ವಿಷಯದಲ್ಲಿ ದೊಡ್ಡ ಲ್ಯಾಬ್‌ಗಳಿಗೆ ಅಷ್ಟು ಸಿಗುವುದು ಕಷ್ಟವಲ್ಲ. ಮೈಸೂರು, ಮಂಡ್ಯ ಜಿಲ್ಲೆಗಳ ಲ್ಯಾಬ್‌ಗಳು ಸೇರಿ ವರ್ಷಕ್ಕೊಮ್ಮೆ ಈ ಹಾಳೆ ಪ್ರಕಟಿಸಿ, ಕೆ.ಆರ್. ಪೇಟೆಯಿಂದ ತಿ. ನರಸೀಪುರದವರೆಗೆ ಪ್ರತಿ ತಾಲ್ಲೂಕು ಆಸ್ಪತ್ರೆಯ ಓಪಿಡಿ ಮೇಜಿನ ಮೇಲೆ ಇಡಲಿ. ಕಲ್ಚರ್ ಮಾಡಿಸಲಾಗದ ರೋಗಿಗೆ ಡಾಕ್ಟರ್ ಔಷಧಿ ಬರೆಯುವಾಗ ನೋಡಲು ಅವರ ಮುಂದೆ ಸದ್ಯಕ್ಕೆ ಔಷಧಿ ಕಂಪನಿಯವರು ಕೊಟ್ಟುಹೋದ ಕಾಗದ ಬಿಟ್ಟರೆ ಬೇರೇನೂ ಇರುವುದಿಲ್ಲ.